ಹಳೇ ಸಾಲಕ್ಕೆ ಹೊಸ ಸಹಿ ಬೇಡ



ಈ ಪಕ್ಷ ಬಂದ ಪತ್ರಗಳಲ್ಲಿ ಒಂದಕ್ಕೆ ತಡಮಾಡದೆ ಉತ್ತರ ಕೊಡಬೇಕಾಗಿದೆ. ಅಡುಗೆಮನೆಯ ಕೆಲಸ ಒಂದು ಗಳಿಗೆ ಬದಿಗಿಟ್ಟು ನೀವೂ ಇದನ್ನು ಓದಿ. ಇವತ್ತು ಆಕೆಗೆ ಬಂದ ಕಷ್ಟ ನಾಳೆ ನಮ್ಮ ನಿಮ್ಮ ಮನೆ ಬಾಗಿಲಿಗೂ ಬರಬಹುದು.

ಪತ್ರ ಬರೆದವರು ತಿಪಟೂರಿನ ಕಡೆಯವರು. ಹೆಸರು ಬೇಡವೆಂದಿದ್ದಾರೆ. ಅವರ ಯಜಮಾನರು 2017ರ ಆಗಸ್ಟ್ ತಿಂಗಳಲ್ಲಿ ಊರಿನ ಸಾಹುಕಾರರೊಬ್ಬರ ಹತ್ತಿರ ಐವತ್ತು ಸಾವಿರ ರೂಪಾಯಿ ಸಾಲ ತಂದು ಪ್ರೋನೋಟು ಬರೆದುಕೊಟ್ಟಿದ್ದರು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಒಂದು ವರ್ಷ ಬಡ್ಡಿಯನ್ನು ಕೈಯಲ್ಲೇ ಕೊಟ್ಟರು, ರಸೀದಿ ಗಿಸೀದಿ ಏನೂ ಇಲ್ಲ. ಆಮೇಲೆ ವ್ಯಾಪಾರ ಕೈಕೊಟ್ಟಿತು. 2021ರಲ್ಲಿ ಯಜಮಾನರು ತೀರಿಕೊಂಡರು. ಸಾಹುಕಾರರೂ ಈಗಿಲ್ಲ. ಅವರ ಮಗ ಹಳೇ ಕಾಗದದ ಕಟ್ಟು ಬಿಚ್ಚಿ, ಅಸಲು ಬಡ್ಡಿ ಸೇರಿ 1,34,000 ರೂಪಾಯಿ ಎಂದು ಲೆಕ್ಕ ಹಾಕಿಕೊಂಡು ಬಂದಿದ್ದಾರೆ.

“ದುಡ್ಡು ಈಗಲೇ ಕೊಡಿ ಅಂತ ನಾನು ಹೇಳ್ತಿಲ್ಲ ಕಣಕ್ಕ. ನಿಧಾನಕ್ಕೆ ಕೊಡುವಿರಂತೆ. ಹಳೇ ನೋಟು ಹಳತಾಗೋಯ್ತು. ನಿಮ್ಮ ಹೆಸರಲ್ಲಿ ಒಂದು ಹೊಸ ನೋಟಿಗೆ ಸಹಿ ಹಾಕ್ಬಿಡಿ, ಸಾಕು” ಎಂದು ಹೇಳಿ, ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಬರುವುದಾಗಿ ಹೋಗಿದ್ದಾರಂತೆ.

ಆ ಸೋದರಿಯ ಪ್ರಶ್ನೆಗಳು ಇವು: “ಸಹಿ ಹಾಕಲೇ, ಬೇಡವೇ? ಹಾಕದಿದ್ದರೆ ಮನೆ ಜಪ್ತಿ ಮಾಡ್ತಾರಾ? ನನ್ನನ್ನು ಜೈಲಿಗೆ ಕಳಿಸ್ತಾರಾ? ಮಗಳ ಮದುವೆಗೆ ಅಂತ ಇಟ್ಟಿರುವ ನನ್ನ ನಾಲ್ಕು ಬಳೆ ಕೊಡಬೇಕಾಗುತ್ತಾ?”

ತಾಯಿ, ಮೊದಲ ಮಾತು: ಸಹಿ ಹಾಕಬೇಡಿ. ಯಾಕೆ ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೂರು ವರ್ಷದ ಲೆಕ್ಕ

ಕೊಟ್ಟ ಸಾಲವನ್ನು ಕೋರ್ಟಿನ ಮೂಲಕ ವಸೂಲು ಮಾಡುವುದಕ್ಕೆ ಒಂದು ಗಡುವು ಉಂಟು. ವಕೀಲರು ಲಿಮಿಟೇಷನ್ ಆಕ್ಟ್ ಎನ್ನುವ 1963ರ ಕಾಲಮಿತಿ ಕಾಯಿದೆ ಈ ಗಡುವುಗಳನ್ನು ಪಟ್ಟಿ ಮಾಡಿದೆ. ಕೈಸಾಲವಾದರೆ ದುಡ್ಡು ಕೊಟ್ಟ ದಿನದಿಂದ ಮೂರು ವರ್ಷ. ‘ಕೇಳಿದಾಗ ಕೊಡುತ್ತೇನೆ’ ಎಂದು ಬರೆದ ಪ್ರೋನೋಟಾದರೆ ನೋಟು ಬರೆದ ತಾರೀಖಿನಿಂದ ಮೂರು ವರ್ಷ. ಕೇಳಿದ ದಿನದಿಂದ ಅಲ್ಲ, ಬರೆದ ದಿನದಿಂದ. ಇದನ್ನು ಬಹಳ ಮಂದಿ ತಪ್ಪು ತಿಳಿದಿದ್ದಾರೆ. ‘ಇಂಥ ತಾರೀಖಿಗೆ ತೀರಿಸುತ್ತೇನೆ’ ಎಂದು ಬರೆದಿದ್ದರೆ ಮಾತ್ರ ಆ ತಾರೀಖಿನಿಂದ ಎಣಿಕೆ. ಕಂತಿನ ಸಾಲವಾದರೆ ಒಂದೊಂದು ಕಂತಿಗೂ ಅದರದೇ ಎಣಿಕೆ. ಕಂತು ತಪ್ಪಿದರೆ ಪೂರ್ತಿ ಸಾಲ ಒಟ್ಟಿಗೆ ಕೊಡಬೇಕೆಂಬ ಷರತ್ತಿದ್ದರೆ ಆ ಲೆಕ್ಕ ಬೇರೆ, ಪತ್ರ ಓದಿಸಿ ನೋಡಬೇಕು. ಕಿರಾಣಿ ಅಂಗಡಿಯ ಉದ್ರಿ ಬಾಕಿಗೂ, ಬೇರೆ ಮಾತಾಗಿರದಿದ್ದರೆ, ಸಾಮಾನು ಕೊಟ್ಟ ದಿನದಿಂದ ಮೂರು ವರ್ಷವೇ.

ಒಂದು ಉದಾಹರಣೆ ನೋಡಿ. 2022ರ ಏಪ್ರಿಲ್ 5ರಂದು ಪ್ರೋನೋಟು ಬರೆದಿದ್ದರೆ, ದಾವಾ ಹೂಡಲು 2025ರ ಏಪ್ರಿಲ್ 5ರವರೆಗೆ ಅವಕಾಶ. ನಮ್ಮಲ್ಲಿ ಯುಗಾದಿಯಿಂದ ಯುಗಾದಿಗೆ ಎಣಿಸುವ ಅಭ್ಯಾಸ. ಕಾನೂನು ಮಾತ್ರ ಇಂಗ್ಲಿಷ್ ಕ್ಯಾಲೆಂಡರಿನ ಪ್ರಕಾರವೇ ಎಣಿಸುತ್ತದೆ. ಸಾಲ ತಂದವರೋ ಕೊಟ್ಟವರೋ ಮಧ್ಯೆ ತೀರಿಕೊಂಡರೂ ಗಡಿಯಾರ ನಿಲ್ಲುವುದಿಲ್ಲ. ಒಮ್ಮೆ ಓಡತೊಡಗಿದ ಕಾಲ ಓಡುತ್ತಲೇ ಇರುತ್ತದೆ.

ನಡುವೆ ಒಂದು ವಿಶೇಷ ನಡೆಯಿತು. ಕೊರೋನಾ ಕಾಲದಲ್ಲಿ ಕೋರ್ಟುಗಳಿಗೆ ಹೋಗುವುದೇ ಕಷ್ಟವಾಗಿದ್ದರಿಂದ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಈ ಲೆಕ್ಕದಿಂದ ಬಿಟ್ಟುಬಿಡಬೇಕೆಂದು ಸುಪ್ರೀಂ ಕೋರ್ಟು ಆದೇಶ ಮಾಡಿತು. ನಮ್ಮ ಸೋದರಿಯ ಪ್ರಕರಣಕ್ಕೆ ಇದು ಅನ್ವಯಿಸುತ್ತದೆ. 2017ರ ಆಗಸ್ಟಿನ ನೋಟಿಗೆ 2020ರ ಆಗಸ್ಟಿನಲ್ಲಿ ಮುಗಿಯಬೇಕಾಗಿದ್ದ ಗಡುವು ಮುಂದೆ ಹೋಗಿ, 2022ರ ಜುಲೈ ಆಗಸ್ಟ್ ಹೊತ್ತಿಗೆ ಮುಗಿಯಿತು. ಆ ವಿನಾಯಿತಿಯನ್ನು ಪೂರ್ತಿ ಕೊಟ್ಟು ಲೆಕ್ಕ ಹಾಕಿದರೂ, ಸಾಹುಕಾರರ ಮಗ ಬಂದದ್ದು ಗಡುವು ಕಳೆದು ಎಷ್ಟೋ ಕಾಲವಾದ ಮೇಲೆ.

ಹಾಗಾದರೆ ಸಾಲ ತೀರಿಹೋಯಿತೆ?

ಇಲ್ಲ. ಇಲ್ಲಿ ಸ್ವಲ್ಪ ಗಮನ ಕೊಡಿ. ಕಾಲಮಿತಿ ಮುಗಿದರೆ ಸಾಲ ಇಲ್ಲವಾಗುವುದಿಲ್ಲ. ಕೋರ್ಟಿಗೆ ಹೋಗಿ ವಸೂಲು ಮಾಡುವ ದಾರಿ ಮಾತ್ರ ಮುಚ್ಚುತ್ತದೆ. ನೀವಾಗಿಯೇ ಮನಸ್ಸು ಮಾಡಿ ದುಡ್ಡು ಕೊಟ್ಟರೆ ಅವರು ತೆಗೆದುಕೊಳ್ಳಬಹುದು. ಆಮೇಲೆ “ಗಡುವು ಮುಗಿದಿತ್ತಂತೆ, ನಂಗೆ ಗೊತ್ತಿರಲಿಲ್ಲ, ವಾಪಸ್ ಕೊಡಿ” ಎಂದು ಕೇಳುವ ಹಾಗಿಲ್ಲ. ಅವರು ಮನೆಗೆ ಬಂದು ಮರ್ಯಾದೆಯಿಂದ ಕೇಳುವುದೂ ತಪ್ಪಲ್ಲ. ಕೊಡಲೇಬೇಕೆಂದು ಡಿಕ್ರಿ ತರಲು ಮಾತ್ರ ಆಗದು.

ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ಹಳೇ ಸಾಲ ಹಾಗೆ. ಅದು ತಾನಾಗಿ ಉರಿಯುವುದಿಲ್ಲ. ಯಾರಾದರೂ ಊದಬೇಕು. ಆ ಊದುವ ಕೆಲಸವನ್ನು ನಿಮ್ಮ ಕೈಯಿಂದಲೇ ಮಾಡಿಸುವುದು ಸಾಲ ಕೊಟ್ಟವರ ಜಾಣತನ.

ಹಳೇ ಸಾಲಕ್ಕೆ ಜೀವ ಬರುವುದು ಹೇಗೆ?

ಒಂದು: ಗಡುವು ಮುಗಿಯುವ ಮೊದಲೇ ಸಾಲ ತಂದವರು ‘ಸಾಲ ಇರುವುದು ನಿಜ’ ಎಂದು ಬರೆದು ಸಹಿ ಹಾಕಿದರೆ, ಸಹಿ ಹಾಕಿದ ದಿನದಿಂದ ಮತ್ತೆ ಹೊಸದಾಗಿ ಮೂರು ವರ್ಷ. ‘ಸಾಲ ಇದೆ, ಆದರೆ ಈಗ ಕೊಡಲಾರೆ’ ಎಂದು ಬರೆದರೂ ಅದು ಒಪ್ಪಿಗೆಯೇ. ಕಾಗದವನ್ನು ಸಾಹುಕಾರರಿಗೇ ಬರೆಯಬೇಕೆಂದೂ ಇಲ್ಲ. ‘ಇಂಥವರಿಗೆ ಇಷ್ಟು ಕೊಡಬೇಕು’ ಎಂದು ತಮ್ಮನಿಗೆ ಬರೆದ ಕಾಗದವೂ ಸಾಕಾಗಬಹುದು. ಓದು ಬರಹ ಬಾರದವರು ಒತ್ತಿದ ಹೆಬ್ಬೆಟ್ಟೂ ಸಹಿಗೆ ಸಮ. ಈಮೇಲಿನಲ್ಲಿ ಸಾಲ ಒಪ್ಪಿಕೊಂಡರೂ ಸಾಕೆಂದು ನಮ್ಮ ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿದೆ. ಆದ್ದರಿಂದ ಮೊಬೈಲಿನಲ್ಲಿ ‘ಆಯ್ತು ಅಣ್ಣ, ನಿಮ್ಮ ಬಾಕಿ ಬರೋ ತಿಂಗಳು ನೋಡೋಣ’ ಎಂದು ಮೆಸೇಜು ಕಳಿಸುವ ಮುನ್ನ ಎರಡು ಸಲ ಯೋಚಿಸಿ. ಬರೀ ಬಾಯಿಮಾತಿಗೆ ಈ ಶಕ್ತಿ ಇಲ್ಲ. ಬರವಣಿಗೆ ಬೇಕು, ಸಹಿ ಬೇಕು.

ಎರಡು: ಗಡುವಿನೊಳಗೆ ಅಸಲಿಗೋ ಬಡ್ಡಿಗೋ ಸ್ವಲ್ಪ ದುಡ್ಡು ಕೊಟ್ಟು, ಅದನ್ನು ಕೊಟ್ಟವರೇ ಬರೆದರೆ ಅಥವಾ ಬರೆದದ್ದಕ್ಕೆ ಸಹಿ ಹಾಕಿದರೆ, ಕೊಟ್ಟ ದಿನದಿಂದ ಮತ್ತೆ ಮೂರು ವರ್ಷ. ಪ್ರೋನೋಟಿನ ಬೆನ್ನಿಗೆ ‘ಈ ದಿನ ಬಡ್ಡಿ ಬಾಬ್ತು ಐನೂರು ರೂಪಾಯಿ ಸಂದಾಯ’ ಎಂದು ಷರಾ ಬರೆಸಿ ರುಜು ಹಾಕಿಸುವುದು ಇದಕ್ಕಾಗಿಯೇ. ಐನೂರು ಸಣ್ಣ ಮೊತ್ತವೇ ಇರಬಹುದು. ಸೇರು ಹಾಲಿಗೆ ಒಂದು ಚಮಚ ಹೆಪ್ಪು ಸಾಕಲ್ಲವೆ? ನಮ್ಮ ಸೋದರಿಯ ಯಜಮಾನರು ಬಡ್ಡಿಯನ್ನು ಕೈಯಲ್ಲೇ ಕೊಟ್ಟರಂತೆ, ಏನನ್ನೂ ಬರೆದಿಲ್ಲವಂತೆ. ಹಾಗಿದ್ದರೆ ಆ ಬಡ್ಡಿಯಿಂದ ಗಡುವು ಮುಂದೆ ಹೋಗಿಲ್ಲ. ಆದರೂ ನೋಟಿನ ಬೆನ್ನು ನೋಡದೆ ನಿರ್ಧಾರ ಮಾಡಬೇಡಿ. ಜೆರಾಕ್ಸ್ ಪ್ರತಿ ಕೇಳಿ, ಮುಂದೆ ಹಿಂದೆ ಎರಡೂ ಕಡೆಯದು. ಒಂದು ವೇಳೆ 2018ರಲ್ಲಿ ಯಜಮಾನರು ಷರಾಕ್ಕೆ ಸಹಿ ಹಾಕಿದ್ದರೂ, ಕೊರೋನಾ ರಿಯಾಯಿತಿ ಸೇರಿಸಿದರೆ 2023ರ ಕೊನೆಯೊಳಗೆ ಅದೂ ಮುಗಿದಿದೆ.

ಮೂರು: ಗಡುವು ಮುಗಿದೇ ಹೋಗಿದ್ದರೂ, ‘ಹಳೇ ಸಾಲವನ್ನು ತೀರಿಸುತ್ತೇನೆ’ ಎಂದು ಬರೆದು ಸಹಿ ಹಾಕಿದರೆ ಆ ಮಾತು ಹೊಸ ಕರಾರಾಗುತ್ತದೆ. 1872ರ ಕರಾರು ಕಾಯಿದೆಯ 25ನೆಯ ಕಲಮಿನಲ್ಲಿ ಇದಕ್ಕೆ ಅವಕಾಶವಿದೆ. ಹೊಸ ಪ್ರೋನೋಟು ಬರೆಸಿಕೊಳ್ಳುವ ಉದ್ದೇಶ ಇದೇ. ನಮ್ಮ ಸೋದರಿಗೆ ಇನ್ನೊಂದು ಅಪಾಯವೂ ಉಂಟು. ಹಳೇ ನೋಟಿನಲ್ಲಿ ಸಾಲ ಯಜಮಾನರ ಹೆಸರಿನಲ್ಲಿತ್ತು. ಹೊಸ ನೋಟಿಗೆ ಇವರು ಸಹಿ ಹಾಕಿದರೆ, ಇದು ಇವರದೇ ಸ್ವಂತ ಸಾಲ, ಇವರೇ ಕೈಯಾರೆ ದುಡ್ಡು ತೆಗೆದುಕೊಂಡರು ಎಂದು ವಾದಿಸಲು ದಾರಿಯಾಗುತ್ತದೆ. ಐವತ್ತು ಸಾವಿರದ ಕಾಗದ 1,34,000ದ್ದಾಗುತ್ತದೆ, ಅದಕ್ಕೂ ಬಡ್ಡಿ ಓಡತೊಡಗುತ್ತದೆ.

ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಡುವುದೂ ಇಷ್ಟೇ ಅಪಾಯ. “ಭದ್ರತೆಗೆ ಇರಲಿ ಬಿಡಿ, ಬ್ಯಾಂಕಿಗೆ ಹಾಕಲ್ಲ” ಅನ್ನುತ್ತಾರೆ. ಮನಸ್ಸಾರೆ ಕೊಟ್ಟ ಖಾಲಿ ಚೆಕ್ಕಿನಲ್ಲಿ ಮೊತ್ತವನ್ನು ಬೇರೆಯವರು ತುಂಬಿದ್ದರೂ, ಅದು ಸಾಲಕ್ಕಾಗಿ ಕೊಟ್ಟದ್ದೆಂದೇ ಮೊದಲು ಭಾವಿಸಬೇಕೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಲ್ಲವೆಂದು ತೋರಿಸುವ ಹೊರೆ ಸಹಿ ಹಾಕಿದವರ ಮೇಲೆ. ಚೆಕ್ಕು ವಾಪಸಾದರೆ ಅದು ಬರೀ ಸಾಲದ ದಾವೆಯಲ್ಲ, ಕ್ರಿಮಿನಲ್ ಕೇಸು.

ಗಂಡನ ಸಾಲ ಹೆಂಡತಿಯ ತಲೆಗೆ ಬರುತ್ತದೆಯೆ?

ಗಂಡ ಮಾಡಿದ ಸಾಲಕ್ಕೆ ಹೆಂಡತಿ ಎಂಬ ಒಂದೇ ಕಾರಣಕ್ಕೆ ನೀವು ಹೊಣೆಯಲ್ಲ. ನೀವೂ ಜೊತೆಯಲ್ಲಿ ಸಾಲಪತ್ರಕ್ಕೆ ಸಹಿ ಹಾಕಿದ್ದರೆ ಅಥವಾ ಜಾಮೀನು ನಿಂತಿದ್ದರೆ ಮಾತ್ರ ಸ್ವಂತ ಹೊಣೆ. ಹಾಗಿಲ್ಲದಿದ್ದರೆ, ತೀರಿಕೊಂಡವರ ಸಾಲವನ್ನು ಅವರು ಬಿಟ್ಟುಹೋದ ಆಸ್ತಿಯಿಂದ ವಸೂಲು ಮಾಡಬಹುದು, ಆ ಆಸ್ತಿ ವಾರಸುದಾರರ ಕೈಗೆ ಎಷ್ಟು ಬಂದಿದೆಯೋ ಅಷ್ಟರ ಮಟ್ಟಿಗೆ. ಅದೂ ಸಾಲ ಇನ್ನೂ ಗಡುವಿನೊಳಗಿದ್ದರೆ.

ತವರಿನವರು ಕೊಟ್ಟ ಬಳೆ, ಮದುವೆಯಲ್ಲಿ ಬಂದ ಒಡವೆ, ನೀವು ಹೊಲಿಗೆ ಹಾಕಿ, ಹಪ್ಪಳ ಸಂಡಿಗೆ ಮಾರಿ ಉಳಿಸಿದ ದುಡ್ಡು ನಿಮ್ಮದು. ಗಂಡನ ಸಾಲಕ್ಕೆ ಅದನ್ನು ಕಿತ್ತುಕೊಳ್ಳುವಂತಿಲ್ಲ. ಆದ್ದರಿಂದ ತಾಯಿ, ಆ ನಾಲ್ಕು ಬಳೆ ಬೀರುವಿನಲ್ಲೇ ಇರಲಿ.

ಗಂಡುಮಕ್ಕಳಿರುವವರಿಗೂ ಒಂದು ಮಾತು. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹಿಂದೂ ಕಾನೂನಿನ ಕಟ್ಟು, 2005ರ ಸೆಪ್ಟೆಂಬರ್ 9ರಿಂದ ಈಚೆಗೆ ಮಾಡಿದ ಸಾಲಗಳಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗಿನ ಹೊಣೆ ಬೇರೆ, ಅದು ಮೇಲೆ ಹೇಳಿದ ಹಾಗೆಯೇ.

ಇನ್ನು ಜೈಲಿನ ಭಯ. ಸಾಲದ ಡಿಕ್ರಿಯ ಹಣಕ್ಕಾಗಿ ಹೆಂಗಸರನ್ನು ಬಂಧಿಸಿ ಸಿವಿಲ್ ಜೈಲಿಗೆ ಹಾಕುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಇನ್ನೊಂದು ಸಮಾಧಾನವೂ ಇದೆ. ಡಿಕ್ರಿಯೇ ಆಗಿ ಅಮೀನ ಜಪ್ತಿಗೆ ಬಂದರೂ, ಮನೆಯವರಿಗೆ ಅವಶ್ಯವಾದ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಹಾಗೂ ಧರ್ಮದ ಪ್ರಕಾರ ಹೆಣ್ಣು ಬಿಟ್ಟುಕೊಡಲಾಗದ ಒಡವೆ, ಅಂದರೆ ತಾಳಿಯಂಥದ್ದು, ಜಪ್ತಿಗೆ ಸೇರುವುದಿಲ್ಲ. ಅದೇ ಸಂಹಿತೆಯ 60ನೆಯ ಕಲಮಿನಲ್ಲಿ ಇದಿದೆ. “ತಾಳಿ ಬಿಚ್ಚಿಸ್ತೀನಿ” ಎಂದು ಬಾಗಿಲಲ್ಲಿ ಕೂಗುವವರ ಬಾಯಿಗೆ ಕಾನೂನಿನ ಬೆಂಬಲವಿಲ್ಲ.

ಎಲ್ಲ ಸಾಲಕ್ಕೂ ಮೂರೇ ವರ್ಷವೆ?

ಅಲ್ಲ. ಇಲ್ಲಿ ಎಚ್ಚರ ತಪ್ಪಬೇಡಿ.

ಮನೆಯನ್ನೋ ಜಮೀನನ್ನೋ ಅಡಮಾನ ಮಾಡಿದ್ದರೆ, ಹಣ ಕೊಡಬೇಕಾದ ದಿನದಿಂದ ಹನ್ನೆರಡು ವರ್ಷದವರೆಗೆ ಆ ಆಸ್ತಿಯ ಮೇಲೆ ದಾವಾ ಹೂಡಬಹುದು. ಸರ್ಕಾರ ತನಗೆ ಬರಬೇಕಾದ ಹಣಕ್ಕೆ ದಾವಾ ಹೂಡುವುದಾದರೆ ಮೂವತ್ತು ವರ್ಷ. ಆಗಲೇ ಕೋರ್ಟಿನಲ್ಲಿ ಡಿಕ್ರಿಯಾಗಿದ್ದರೆ ಅದನ್ನು ಜಾರಿ ಮಾಡಿಸಲು ಹನ್ನೆರಡು ವರ್ಷ. ಹತ್ತು ವರ್ಷದ ಹಿಂದಿನ ಸಾಲ, ಏನೂ ಆಗೋಲ್ಲ ಬಿಡಿ ಎಂದು ಕೂತವರ ಮೇಲೆ ಹಿಂದೆಂದೋ ಆದ ಡಿಕ್ರಿ ಎದ್ದು ಬರಬಹುದು.

ಒಡವೆ ಗಿರವಿಯ ವಿಷಯ ಹೆಂಗಸರೆಲ್ಲರೂ ತಿಳಿದಿರಬೇಕು. ನಿಮ್ಮ ಸರ ಗಿರವಿ ಅಂಗಡಿಯಲ್ಲಿದ್ದರೆ, ಮೂರು ವರ್ಷ ಕಳೆಯಿತು, ಇನ್ನು ಸಾಲ ಕೊಡಬೇಕಿಲ್ಲ ಎಂದುಕೊಂಡು ಪ್ರಯೋಜನವಿಲ್ಲ. ದಾವೆಯ ಗಡುವು ಮುಗಿದರೂ ಒಡವೆ ಅವರ ಕೈಯಲ್ಲಿದೆ. ಸಾಲ ತೀರುವವರೆಗೆ ಇಟ್ಟುಕೊಳ್ಳುವ, ನಿಮಗೆ ಸಕಾಲದಲ್ಲಿ ನೋಟೀಸು ಕೊಟ್ಟು ಮಾರುವ ಹಕ್ಕು ಅವರಿಗೆ ಉಂಟು. ನೋಟೀಸು ಕೊಡದೆ ಮಾರುವಂತಿಲ್ಲ. ಮಾರಿ ಸಾಲ ಕಳೆದು ಹೆಚ್ಚಾಗಿ ಬಂದ ದುಡ್ಡನ್ನು ನಿಮಗೆ ಕೊಡಬೇಕು. ಆದ್ದರಿಂದ ಗಿರವಿ ಚೀಟಿಯನ್ನು ಜೋಪಾನವಾಗಿಡಿ, ಮನೆ ಬದಲಾಯಿಸಿದರೆ ಹೊಸ ವಿಳಾಸವನ್ನು ಅಂಗಡಿಗೆ ತಿಳಿಸಿ.

ಬ್ಯಾಂಕಿನವರು ಆಗಾಗ್ಗೆ ‘ಇಷ್ಟು ಬಾಕಿ ಇದೆ’ ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದೂ ಗಡುವನ್ನು ಮುಂದೂಡಲಿಕ್ಕೇ. ಅದರಲ್ಲಿ ಮೋಸವೇನಿಲ್ಲ. ಆದರೆ ಎಷ್ಟು ಬರೆದಿದೆ ಎಂದು ಓದಿ ಸಹಿ ಹಾಕಿ. ಬ್ಯಾಂಕು ಸಾಲವನ್ನು ತನ್ನ ಪುಸ್ತಕದಲ್ಲಿ ‘ರೈಟ್ ಆಫ್’ ಮಾಡಿತೆಂದರೆ ಮನ್ನಾ ಆಯಿತೆಂದು ತಿಳಿಯಬೇಡಿ. ಅದು ಅವರ ಲೆಕ್ಕದ ವಿಷಯ. ನಿಮ್ಮ ಸಾಲ ಹಾಗೇ ಇರುತ್ತದೆ.

ತಗಾದೆಗೂ ಒಂದು ಮರ್ಯಾದೆ ಇದೆ

ಈಗ ಊರೂರಿನಲ್ಲೂ ಸಂಘದ ಸಾಲ, ಕಿರುಸಾಲ. ಸಾಲ ಹೆಂಗಸರ ಹೆಸರಿನಲ್ಲೇ ಇರುವುದರಿಂದ ತಗಾದೆಯೂ ಹೆಂಗಸರಿಗೇ. ಕಿರುಸಾಲ ಪಡೆದವರಿಗೆ ಬೆಳಿಗ್ಗೆ 9 ಗಂಟೆಗೆ ಮೊದಲು, ಸಂಜೆ 6 ಗಂಟೆಯ ನಂತರ ವಸೂಲಿಗಾಗಿ ಫೋನು ಮಾಡಬಾರದು, ಬೈಯಬಾರದು, ಬೆದರಿಸಬಾರದು, ನೆಂಟರಿಷ್ಟರನ್ನು ಪೀಡಿಸಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು. ವಸೂಲಿಯಲ್ಲಿ ಬಲಾತ್ಕಾರ ತಡೆಯಲೆಂದು 2025ರಲ್ಲಿ ಕರ್ನಾಟಕ ಸರ್ಕಾರವೂ ಪ್ರತ್ಯೇಕ ಕಾಯಿದೆ ತಂದಿತು. ಸಾಲ ಹೊಸದಿರಲಿ ಹಳೆಯದಿರಲಿ, ಬೀದಿಯಲ್ಲಿ ನಿಂತು ಮಾನ ಕಳೆಯುವ ಹಕ್ಕು ಯಾರಿಗೂ ಇಲ್ಲ. ಹಾಗೆ ಮಾಡಿದರೆ ಪೊಲೀಸ್ ಠಾಣೆಗೆ ದೂರು ಕೊಡಿ. ಠಾಣೆಯವರು ಸಾಲ ವಸೂಲು ಮಾಡಿಕೊಡುವವರಲ್ಲ ಎಂಬುದೂ ನೆನಪಿರಲಿ. ಕೊಟ್ಟು ತೆಗೆದುಕೊಂಡ ವ್ಯವಹಾರ ಸಿವಿಲ್ ಕೋರ್ಟಿನದು.

ಕೋರ್ಟಿನಿಂದ ಕಾಗದ ಬಂದರೆ

ಗಡುವು ಮುಗಿದ ಸಾಲಕ್ಕೂ ಕೆಲವರು ದಾವಾ ಹಾಕುತ್ತಾರೆ. ಎದುರು ಪಕ್ಷದವರು ಬರುವುದಿಲ್ಲ ಎಂಬ ಧೈರ್ಯ. ಗಡುವು ಮೀರಿದ ದಾವೆಯನ್ನು, ನೀವು ಆ ಮಾತೆತ್ತದಿದ್ದರೂ, ನ್ಯಾಯಾಧೀಶರೇ ವಜಾ ಮಾಡಬೇಕೆಂಬುದು ಕಾನೂನು. ಆದರೆ ಅವರ ಮುಂದೆ ಬರುವುದು ಎದುರಿನವರ ಕಾಗದ ಮಾತ್ರವಾದರೆ, ಅದರಲ್ಲಿ ನಿಮ್ಮವರದೆಂದು ಹೇಳುವ ಒಂದು ಷರಾ ಸಹಿ ಇದ್ದರೆ, ಅದು ಸುಳ್ಳೆಂದು ಹೇಳುವವರು ಯಾರು? ಏಕಪಕ್ಷೀಯ ಡಿಕ್ರಿಯಾದರೆ ಅದಕ್ಕೆ ಹನ್ನೆರಡು ವರ್ಷ ಆಯುಸ್ಸು. ಅದನ್ನು ರದ್ದು ಮಾಡಿಸಲು ಅರ್ಜಿ ಹಾಕುವುದಕ್ಕೆ ಮೂವತ್ತೇ ದಿನ.

ಆದ್ದರಿಂದ ಸಮನ್ಸು ತಂದವನನ್ನು ಕಂಡು ಬಾಗಿಲು ಹಾಕಿಕೊಳ್ಳಬೇಡಿ. ತೆಗೆದುಕೊಂಡ ತಾರೀಖು ಬರೆದಿಡಿ. ಮೂವತ್ತು ದಿನದೊಳಗೆ ಉತ್ತರ ಹಾಕಬೇಕು. ವಕೀಲರ ಫೀಸಿಗೆ ದುಡ್ಡಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ. 15100 ನಂಬರಿಗೆ ಫೋನು ಮಾಡಿಯೂ ವಿಚಾರಿಸಬಹುದು. ಲೋಕ ಅದಾಲತ್ತಿಗೆ ಕರೆದರೆ ಧಾರಾಳವಾಗಿ ಹೋಗಿ. ಆದರೆ ಅಲ್ಲಿ ರಾಜಿಗೆ ಹಾಕಿದ ಸಹಿಯೂ ಡಿಕ್ರಿಗೆ ಸಮ, ಅದಕ್ಕೆ ಅಪೀಲಿಲ್ಲ ಎಂಬುದು ಗೊತ್ತಿರಲಿ.

ನೀವೇ ಸಾಲ ಕೊಟ್ಟವರಾದರೆ?

ಇದುವರೆಗೆ ತಂದವರ ಮಾತಾಯಿತು. ಕೊಟ್ಟು ಕಳೆದುಕೊಂಡ ಹೆಂಗಸರೇನು ಕಡಿಮೆಯೆ? ಸಾಸಿವೆ ಡಬ್ಬಿಯ ದುಡ್ಡನ್ನು ನಾದಿನಿಗೆ, ಪಕ್ಕದ ಮನೆಯವರಿಗೆ, ತವರಿನ ಅಣ್ಣನಿಗೆ ಕೊಟ್ಟು, ಕೇಳಲು ಸಂಕೋಚಪಟ್ಟು ಸುಮ್ಮನಿರುತ್ತೇವೆ. “ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ” ಎಂದು ನಕ್ಕು ಬಿಡುತ್ತೇವೆ. ಈ ಸಂಕೋಚಕ್ಕೂ ಮೂರೇ ವರ್ಷದ ಗಡುವು.

ಕೊಡುವಾಗಲೇ ಒಂದು ಚೀಟಿ ಬರೆಸಿಕೊಳ್ಳಿ, ಇಲ್ಲವೇ ದುಡ್ಡನ್ನು ಬ್ಯಾಂಕಿನ ಮೂಲಕವೇ ಕೊಡಿ. ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಎರಡೂವರೆ ವರ್ಷವಾಗುತ್ತಲೇ “ಅಕ್ಕಾ, ಬೇಜಾರು ಮಾಡ್ಕೋಬೇಡಿ, ಇಷ್ಟು ಬಾಕಿ ಇದೆ ಅಂತ ಒಂದು ಸಾಲು ಬರೆದು ರುಜು ಹಾಕಿಕೊಡಿ” ಎಂದು ಕೇಳಿ. ಆ ಒಂದು ಸಾಲಿಗೆ ಇನ್ನೂ ಮೂರು ವರ್ಷದ ಬೆಲೆ. ವಕೀಲರ ನೋಟೀಸು ಕಳಿಸಿದರೆ ಗಡುವು ನಿಲ್ಲುತ್ತದೆಂದು ಹಲವರು ನಂಬಿದ್ದಾರೆ. ನೋಟೀಸಿನಿಂದ ಗಡುವು ನಿಲ್ಲುವುದಿಲ್ಲ. ನಿಲ್ಲಬೇಕಾದರೆ ದಾವೆಯೇ ದಾಖಲಾಗಬೇಕು.

ಕಡೆಯದಾಗಿ, ಋಣದ ಮಾತು

ಇಷ್ಟು ಓದಿ ಯಾರಾದರೂ “ಸಾಲ ಮುಳುಗಿಸುವುದನ್ನು ಹೇಳಿಕೊಡ್ತೀರಾ?” ಎಂದು ಕೇಳಬಹುದು. ಖಂಡಿತ ಇಲ್ಲ. ಕಷ್ಟಕಾಲದಲ್ಲಿ ಕೈ ಹಿಡಿದವರ ದುಡ್ಡು ಹಿಂದಿರುಗಿಸುವುದು ಮನುಷ್ಯರ ಲಕ್ಷಣ. ಅದಕ್ಕೆ ಕೋರ್ಟು ಬೇಕಿಲ್ಲ. ಗಡುವು ಮುಗಿದ ಮೇಲೂ ಗಂಡನ ಸಾಲವನ್ನು ಹೊಲಿಗೆಯ ದುಡ್ಡಿನಲ್ಲಿ ತೀರಿಸುವ ತಾಯಂದಿರಿದ್ದಾರೆ. ಅವರಿಗೆ ನಮಸ್ಕಾರ. ಆದರೆ ತೀರಿಸುವುದು ಬೇರೆ, ಹೆದರಿ ಸಹಿ ಹಾಕುವುದು ಬೇರೆ. ಮೊದಲನೆಯದರಲ್ಲಿ ಋಣ ಕಳೆಯುತ್ತದೆ, ಎರಡನೆಯದರಲ್ಲಿ ಬೆಳೆಯುತ್ತದೆ.

ತಿಪಟೂರಿನ ಸೋದರಿ ಮಾಡಬೇಕಾದದ್ದು ಇಷ್ಟು. ಸಾಹುಕಾರರ ಮಗ ಮತ್ತೆ ಬಂದಾಗ ಒಬ್ಬರೇ ಮಾತಾಡಬೇಡಿ. ಅಣ್ಣನನ್ನೋ ಮೈದುನನನ್ನೋ ಜೊತೆಯಲ್ಲಿ ಕೂರಿಸಿಕೊಳ್ಳಿ. ಕಾಫಿ ಕೊಟ್ಟು ಕೂರಿಸಿ, “ಹಳೇ ನೋಟಿನ ಜೆರಾಕ್ಸ್ ಕೊಟ್ಟಿರಿ ತಮ್ಮ, ವಕೀಲರಿಗೆ ತೋರಿಸಿ ಹೇಳ್ತೀನಿ” ಎನ್ನಿ. ಹೊಸ ನೋಟಿಗೆ, ಖಾಲಿ ಕಾಗದಕ್ಕೆ, ಚೆಕ್ಕಿಗೆ ಕೈ ಹಚ್ಚಬೇಡಿ. ಯಜಮಾನರ ಹೆಸರಿಗೆ ಕಳಂಕ ಬರಬಾರದು, ಅಸಲಾದರೂ ಕೊಡಬೇಕು ಎಂದು ನಿಮ್ಮ ಮನಸ್ಸಿಗೆ ತೋರಿದರೆ, ನಿಮ್ಮ ಕೈಲಾದಷ್ಟನ್ನು ಕೈಲಾದ ದಿನ ಕೊಡಿ. ಕೊಟ್ಟಾಗ ರಸೀದಿ ನೀವು ತೆಗೆದುಕೊಳ್ಳಿ, ಅವರಿಗೆ ನೀವು ಏನನ್ನೂ ಬರೆದುಕೊಡಬೇಡಿ. ಪೂರ್ತಿ ಮುಗಿದ ದಿನ ಹಳೇ ನೋಟನ್ನು ವಾಪಸ್ ಇಸಿದುಕೊಂಡು, ‘ಪೂರಾ ಚುಕ್ತಾ’ ಎಂದು ಅವರಿಂದ ಬರೆಸಿಕೊಳ್ಳಿ. ಕೊಡುವ ಶಕ್ತಿ ಇಲ್ಲವೆಂದರೆ ಹಾಗೆಂದು ಬಾಯಲ್ಲಿ ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಮಗಳ ಬಳೆ ಮಗಳ ಮದುವೆಗೇ ಇರಲಿ.

ಕತ್ತರಿಸಿ ಬೀರುವಿನಲ್ಲಿ ಇಟ್ಟುಕೊಳ್ಳಿ

1. ಕೈಸಾಲ, ಪ್ರೋನೋಟು, ಅಂಗಡಿ ಉದ್ರಿ: ಮೂರು ವರ್ಷ. ಆಸ್ತಿ ಅಡಮಾನ, ಡಿಕ್ರಿ ಜಾರಿ: ಹನ್ನೆರಡು ವರ್ಷ.

2. ನೋಟಿನ ಹಿಂಬದಿಯ ಷರಾ ನೋಡದೆ ಗಡುವು ಎಣಿಸಬೇಡಿ.

3. ಹಳೇ ಸಾಲದ ಬಗ್ಗೆ ಬರೆದ ಯಾವ ಕಾಗದಕ್ಕೂ ಬಾಗಿಲಲ್ಲಿ ನಿಂತು ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ, ಖಾಲಿ ಚೆಕ್ಕು ಕೊಡಬೇಡಿ.

4. ಒಬ್ಬರಿಗೇ ಎರಡು ಸಾಲ ಕೊಡಬೇಕಾಗಿದ್ದರೆ, ದುಡ್ಡು ಕೊಡುವಾಗ ಯಾವ ಸಾಲಕ್ಕೆ ಎಂದು ಹೇಳಿ ರಸೀದಿಯಲ್ಲಿ ಬರೆಸಿ. ಹೇಳದಿದ್ದರೆ ಅವರು ಗಡುವು ಮುಗಿದ ಸಾಲಕ್ಕೇ ಜಮಾ ಮಾಡಿಕೊಳ್ಳಬಹುದು.

5. ಸಮನ್ಸು ಬಂದರೆ ತೆಗೆದುಕೊಳ್ಳಿ, ಮೂವತ್ತು ದಿನದೊಳಗೆ ವಕೀಲರ ಮೂಲಕ ಉತ್ತರ ಕೊಡಿ.

6. ನೀವು ಕೊಟ್ಟ ಸಾಲವಾದರೆ, ಎರಡೂವರೆ ವರ್ಷಕ್ಕೇ ಎಚ್ಚೆತ್ತುಕೊಳ್ಳಿ.

ನಿಮ್ಮ ಮನೆಯ ಕಾಗದಪತ್ರದ ತೊಡಕುಗಳೇನಾದರೂ ಇದ್ದರೆ ಬರೆಯಿರಿ. ಮೂಲ ಪತ್ರಗಳನ್ನು ಮಾತ್ರ ಕಳಿಸಬೇಡಿ. ಅವು ನಿಮ್ಮ ಬೀರುವಿನಲ್ಲೇ ಭದ್ರವಾಗಿರಲಿ.